ಜುಟ್ಟಿನ ಮೇಲಿನ ಕಪ್ಪು ಗಂಟು

ಪುಸ್ತಕಗಳಿಗೆ ರಟ್ಟು ಕಟ್ಟುವವನ ಅಕ್ಕ ಐವತ್ತೆರಡನೇ ವಯಸ್ಸಿನಲ್ಲಿ ಮದುವೆಯಾಗಿ, ಬಸ್ಸಿನಲ್ಲಿ ನಾಲ್ಕು ಗಂಟೆ ದೂರದ ಊರಿಗೆ ಹೋದಳು. ಅವಳ ಐದು ಕೋಳಿಗಳು ತಮ್ಮನ ಪಾಲಿಗೆ ಉಳಿದವು. ಕೋಳಿ ಸಾಕುವುದರ ತಲೆಬುಡವೂ ಅವನಿಗೆ ಗೊತ್ತಿರಲಿಲ್ಲ.

ಮೂರು ತಿಂಗಳ ಮೇಲೆ, ಅಕ್ಕ ‘ಜಂಬದವಳು’ ಎಂದು ಕರೆಯುತ್ತಿದ್ದ ಕೋಳಿ ಕಾಳಿಗೂ ಬಾರದೆ ಮೂಲೆ ಹಿಡಿಯಿತು. ಎತ್ತಿ ನೋಡಿದರೆ ಜುಟ್ಟಿನ ತುಂಬ ಮೆಣಸಿನಕಾಳಿನಂಥ ಗಂಟುಗಳು. ಅಕ್ಕನಿಗೆ ಫೋನ್ ಮಾಡಿದ. ಸುಮ್ಮನೆ ಮಾಡಲು ಅವನಿಗೆ ಸಂಕೋಚ. ಇವತ್ತು ಹೇಳಲು ಒಂದು ವಿಷಯವಿತ್ತು.

“ರಕ್ತ ಬಂದಿದೆಯಾ?”

“ಇಲ್ಲ.”

“ಹಾಗಾದ್ರೆ ಬೇರೆಯವು ಕುಕ್ಕಿದ್ದಲ್ಲ. ಜುಟ್ಟು ಬಿಳಿಚಿಕೊಂಡಿದೆಯಾ, ನೀಲಿಗಟ್ಟಿದೆಯಾ?”

“ಎರಡೂ ಇಲ್ಲ. ಗಂಟು ಮಾತ್ರ ಕಪ್ಪು.”

“ಸಿಡುಬು ಇರ್ಬೇಕು ಕಣೋ. ಡಾಕ್ಟರಿಗೆ ತೋರಿಸು.”

ದನದ ಡಾಕ್ಟರೂ ಅದನ್ನೇ ಹೇಳಿದರು. “ಸೊಳ್ಳೆಯಿಂದ ಬರುತ್ತೆ. ಗುಣಪಡಿಸೋ ಔಷಧಿ ಇಲ್ಲ. ಹಕ್ಕಳೆ ಕೀಳಬೇಡಿ, ಅಯೋಡಿನ್ ಹಚ್ಚಿ, ಬೇರೆ ಇಡಿ. ಮೂರು ವಾರಕ್ಕೆ ತಾನಾಗೇ ಉದುರುತ್ತೆ.” ಮಿಕ್ಕ ನಾಲ್ಕಕ್ಕೂ ಲಸಿಕೆ ಹಾಕಿಕೊಟ್ಟರು.

ಅವನು ಜಂಬದವಳನ್ನು ಬುಟ್ಟಿಯಲ್ಲಿಟ್ಟು ಕೆಲಸದ ಮೇಜಿನ ಪಕ್ಕದಲ್ಲಿರಿಸಿಕೊಂಡ. ದಿನವೂ ಸಂಜೆ ಅಕ್ಕನಿಗೆ ವರದಿ. ಕೋಳಿಯ ಮಾತು ಮುಗಿದ ಮೇಲೆ ಅವಳು “ನೀನು ಊಟ ಮಾಡಿದ್ಯಾ?” ಅನ್ನುತ್ತಿದ್ದಳು. ಅಷ್ಟಕ್ಕೇ ಅವನು ಮಧ್ಯಾಹ್ನದಿಂದ ಗಡಿಯಾರ ನೋಡುತ್ತಿದ್ದ.

ಮೂರನೇ ವಾರ ಹಕ್ಕಳೆಯೆಲ್ಲ ಉದುರಿತು. ಆ ಸಂಜೆ ಅಕ್ಕ ಕೇಳಿದಾಗ, “ಇನ್ನೂ ಹಾಗೇ ಇದೆ” ಎಂಬ ಮಾತು ಬಾಯಿಂದ ಜಾರಿತು. ಮಾರನೆಯ ದಿನ, “ಕಣ್ಣಿನ ಹತ್ರಾನೂ ಬಂದಿದೆ” ಎಂದ.

ಭಾನುವಾರ ಅಕ್ಕ ಮುಲಾಮಿನ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನೆಟ್ಟಗೆ ಬುಟ್ಟಿಯ ಬಳಿ ಹೋಗಿ ಮುಚ್ಚಳ ತೆಗೆದಳು. ಕೆಂಡದಂಥ ಜುಟ್ಟು. ಅದರ ಮೇಲೆ ಹೆಬ್ಬೆರಳಾಡಿಸಿದಳು. ಅವನು ಸೂಜಿಗೆ ದಾರ ಪೋಣಿಸುವವನಂತೆ ತಲೆ ತಗ್ಗಿಸಿದ.

ಅಕ್ಕ ಬೈಯಲಿಲ್ಲ. “ಇಷ್ಟು ದಿನ ಒಂಟಿಯಾಗಿಟ್ಟಿದ್ದೀಯ. ಈಗ ಒಮ್ಮೆಗೇ ಬಿಟ್ರೆ ಮಿಕ್ಕವು ಗುರುತು ಮರೆತು ಕುಕ್ಕುತ್ವೆ” ಎಂದಳು. ಇಬ್ಬರೂ ಸೇರಿ ಗೂಡಿನ ನಡುವೆ ಜಾಲರಿ ಕಟ್ಟಿ, ಜಂಬದವಳನ್ನು ಒಂದು ಕಡೆ ಬಿಟ್ಟರು. ಒಂದನ್ನೊಂದು ನೋಡಬಹುದು, ಕುಕ್ಕಲಾಗದು.

“ಒಂದು ವಾರ ಹೀಗಿರ್ಲಿ.”

ಬಸ್ ನಿಲ್ದಾಣದಲ್ಲಿ ಅವಳೆಂದಳು: “ಇನ್ಮೇಲೆ ಭಾನುವಾರ ನಾನೇ ಫೋನ್ ಮಾಡ್ತೀನಿ. ಕೋಳಿ ಸಮಾಚಾರ ಬೇಡ, ನಿನ್ನದು ಹೇಳು.”

“ನನ್ನದೇನಿರುತ್ತಕ್ಕಾ?”

ಅವಳು ಅವನ ಮುಖವನ್ನೇ ನೋಡಿದಳು. ಬಸ್ಸು ಬಂತು.

ಮುಂದಿನ ಭಾನುವಾರ ಅವನು ಜಾಲರಿ ಬಿಚ್ಚಿದ. ಹಿರಿಯ ಕೋಳಿ ಜಂಬದವಳಿಗೆ ಎರಡು ಸಲ ಕುಕ್ಕಿ ಸುಮ್ಮನಾಯಿತು. ಮನೆಯೊಳಗೆ ಬುಟ್ಟಿ ಕೆದಕುವ ಸದ್ದಿಲ್ಲದೆ ಅವನಿಗೆ ಕೆಲಸ ಸಾಗಲಿಲ್ಲ. ಸಂಜೆ ಫೋನ್ ಬಂತು. ಏನು ಹೇಳುವುದೆಂದು ತಡಕಾಡಿ ಕೊನೆಗೆ, “ಒಬ್ಬನೇ ಇರೋದು ಅಭ್ಯಾಸ ಆಗ್ತಿಲ್ಲಕ್ಕಾ” ಎಂದ.

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದು ಕೇಳಿತು. ಆಮೇಲೆ ಅಕ್ಕ, “ಹ್ಞೂಂ, ಹೇಳು” ಎಂದಳು.