ಮಧ್ಯದ ಕುರ್ಚಿ

"ನಿನ್ನ ತಮ್ಮ ಹೊಡೆದಾಡಿದ್ದು ಇದು ಮೂರನೇ ಸಲ ಅಂತ ನಿಮ್ಮಮ್ಮನಿಗೆ ಹೇಳಮ್ಮ," ಎಂದರು ಶಾಲೆಯ ಸಲಹೆಗಾರ್ತಿ.

ಮಧ್ಯದ ಕುರ್ಚಿಯಲ್ಲಿದ್ದ ಹುಡುಗಿ ತಾಯಿಯ ಕಡೆ ತಿರುಗಿ, ತಾಯಿಯ ಭಾಷೆಯಲ್ಲಿ, "ಎರಡನೇ ಸಲವಂತೆ" ಎಂದಳು.

ಹೀಗೆ ಒಂದು ಕಡಿಮೆ ಮಾಡಿ ಹೇಳುವುದು ಅವಳ ಹಳೆಯ ಅಭ್ಯಾಸ. ಮದುವೆಯಾಗಿ ಗಡಿಯಾಚೆಯಿಂದ ಬಂದ ತಾಯಿಗೆ ಈ ಊರಿನ ಭಾಷೆ ಅರ್ಥವೂ ಆಗುತ್ತಿರಲಿಲ್ಲ, ನಾಲಿಗೆಯೂ ಹೊರಳುತ್ತಿರಲಿಲ್ಲ. ಇಲ್ಲಿಯವನೇ ಆದ ಅಪ್ಪ ಲಾರಿ ಹತ್ತಿದರೆ ವಾರಗಟ್ಟಲೆ ಪತ್ತೆಯಿಲ್ಲ. ಹಾಗಾಗಿ ಎಂಟನೇ ವಯಸ್ಸಿನಿಂದ ಆಸ್ಪತ್ರೆ, ಬ್ಯಾಂಕು, ಮನೆ ಮಾಲೀಕರ ಪಡಸಾಲೆ, ಎಲ್ಲ ಕಡೆ ಮಧ್ಯದ ಕುರ್ಚಿ ಇವಳದೇ. ಮಾಲೀಕರು ಕೂಗಾಡಿದ್ದು ಇವಳ ಬಾಯಲ್ಲಿ ವಿನಂತಿಯಾಗಿ ಅಮ್ಮನ ಕಿವಿಗೆ ಬೀಳುತ್ತಿತ್ತು. ಲಾಂಡ್ರಿಯಲ್ಲಿ ದಿನವಿಡೀ ಅಂಗಿಗಳಿಗೆ ಇಸ್ತ್ರಿ ಮಾಡಿ ಬರುವವಳಿಗೆ ಇನ್ನಷ್ಟು ಬಿಸಿ ತಟ್ಟುವುದು ಬೇಡ ಎಂದು. ಹದಿನಾರರ ಹುಡುಗಿಗೆ ಇಷ್ಟು ಜಾಣತನ ಎಲ್ಲಿಂದ ಬಂತೋ! ಅವಳನ್ನು ಮೆಚ್ಚದವರಿರಲಿಲ್ಲ. ಹೇಗಿದ್ದೀಯ ಎಂದು ಕೇಳಿದವರೂ ಇರಲಿಲ್ಲ.

ಹದಿನಾಲ್ಕರ ತಮ್ಮ ಬಾಗಿಲ ಬಳಿ, ಬೆರಳಿಗೆ ಪಟ್ಟಿ ಸುತ್ತಿಕೊಂಡು, ಮುಖ ಗಂಟು ಹಾಕಿಕೊಂಡು ಕೂತಿದ್ದ. ಒಂದನೇ ತರಗತಿಯಲ್ಲಿ ಯಾರೋ 'ಪರದೇಶಿ' ಎಂದು ರೇಗಿಸಿದಂದೇ ಅಮ್ಮನ ಭಾಷೆ ಆಡುವುದನ್ನು ಬಿಟ್ಟಿದ್ದ. ಅದು ಅವನಿಗೆ ಮರೆತೇಹೋಗಿದೆ ಎಂದು ಮನೆಯವರೆಲ್ಲ ತಿಳಿದಿದ್ದರು.

"ಇವನು ಪುಂಡ ಅಲ್ಲ," ಎಂದರು ಸಲಹೆಗಾರ್ತಿ. "ಒಳಗೊಳಗೇ ಕುಗ್ಗಿಹೋಗಿದಾನೆ. ಎಷ್ಟೋ ಗಂಡುಹುಡುಗರಿಗೆ ಅದು ಕೈಯಲ್ಲಿ ಹೊರಗೆ ಬರುತ್ತೆ. ಎಲ್ಲರ ಕಣ್ಣಿಗೂ ಬೀಳುತ್ತೆ, ನನ್ನ ಹತ್ರ ಕಳಿಸ್ತಾರೆ."

ಹುಡುಗಿ ಅದಿಷ್ಟನ್ನೂ ಅಮ್ಮನಿಗೆ ಹೇಳಿದಳು, ಈ ಸಲ ಏನೂ ಕಡಿಮೆ ಮಾಡದೆ. ತಾಯಿ ಮಗನನ್ನೇ ನೋಡುತ್ತ ಕೂತಳು.

ಸಲಹೆಗಾರ್ತಿ ದನಿ ತಗ್ಗಿಸಿದರು. "ಹುಡುಗೀರು ನುಂಗಿಕೊಂಡು ಸುಮ್ಮನಿದ್ದುಬಿಡ್ತಾರೆ. ಹೋದ ತಿಂಗಳು ಕ್ಲಾಸಲ್ಲಿ ಮನಸ್ಸಿನ ಬಗ್ಗೆ ಕೇಳಿದ್ದ ಪ್ರಶ್ನೆಗಳಿಗೆ ನೀನು ತುಂಬಿಕೊಟ್ಟ ಹಾಳೆ ಓದಿದೆ ಕಣಮ್ಮ. ಇವನಿಗಿಂತ ನಿನ್ನ ಬಗ್ಗೇನೇ ನನಗೆ ಭಯ. ಅದನ್ನೂ ಅಮ್ಮನಿಗೆ ಹೇಳ್ತೀಯಾ?"

"ಏನಂತೆ?" ಎಂದಳು ತಾಯಿ.

"ಏನಿಲ್ಲಮ್ಮ. ನಾನು ಚೆನ್ನಾಗಿ ಓದ್ತೀನಂತೆ."

"ಸುಳ್ಳು!"

ತಮ್ಮ ಎದ್ದು ನಿಂತಿದ್ದ. ಅವನ ಬಾಯಿಂದ ಬಂದದ್ದು ಅಮ್ಮನ ಭಾಷೆ. ಆರು ವರ್ಷದ ಮಗು ಆಡುವಂಥದ್ದು. ಅವನು ಬಿಟ್ಟದ್ದು ಅಲ್ಲಿಗೇ ತಾನೆ. ದುಃಖ ಎನ್ನುವುದಕ್ಕೆ ಅವನ ಬಳಿ ಮಾತಿರಲಿಲ್ಲ.

"ಅಮ್ಮ, ಅಕ್ಕನಿಗೆ ಗಾಯ ಆಗಿದೆ. ಕೈಗಲ್ಲ. ಕಾಲಿಗಲ್ಲ. ಒಳಗೆ. ದಿನಾ ನಲ್ಲಿ ಬಿಟ್ಕೊಂಡು ಬಚ್ಚಲಲ್ಲಿ ಅಳ್ತಾಳೆ."

ಮೂರು ಹೊಡೆದಾಟಕ್ಕೂ ಬೇಕಾಗದಿದ್ದ ಧೈರ್ಯ ಈ ನಾಲ್ಕು ಮಾತಿಗೆ ಬೇಕಾಗಿತ್ತು. ಅವನ ಕಿವಿಯೆಲ್ಲ ಕೆಂಪಾಗಿತ್ತು.

ತಾಯಿ ಮಗಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ಯಾವಾಗಿಂದ?"

ಎರಡು ಭಾಷೆಯಲ್ಲಿ ಅರಳು ಹುರಿದಂತೆ ಮಾತಾಡುತ್ತಿದ್ದ ಹುಡುಗಿಗೆ ಒಂದರಲ್ಲೂ ಮಾತು ಹೊರಡಲಿಲ್ಲ.

ತಮ್ಮ ತನ್ನ ಕುರ್ಚಿ ಎಳೆದು ತಂದು ಅಮ್ಮನ ಆಚೆ ಬದಿಗೆ ಹಾಕಿದ. ಅಕ್ಕನ ತೋಳು ಹಿಡಿದು ಎಬ್ಬಿಸಿ ಅದರಲ್ಲಿ ಕೂರಿಸಿದ. ಆಮೇಲೆ ಮಧ್ಯದ ಕುರ್ಚಿಯಲ್ಲಿ ತಾನು ಕೂತ.

"ಈಗ ಹೇಳಿ ಮೇಡಂ," ಎಂದ. "ಸ್ವಲ್ಪ ನಿಧಾನಕ್ಕೆ. ನನಗೆ ಅಮ್ಮನ ಭಾಷೇಲಿ ಎಲ್ಲಾ ಮಾತೂ ಬರಲ್ಲ."

ಹುಡುಗಿ ಕಾಲೆರಡನ್ನೂ ಕುರ್ಚಿಯ ಮೇಲೆ ಮಡಚಿಕೊಂಡು, ಅಮ್ಮನ ಭುಜಕ್ಕೆ ತಲೆ ಆನಿಸಿದಳು.