ಒಲೆಯ ಮುಂದಿನ ಟಗರುಮರಿ

ನಮ್ಮತ್ತೆ ಮಾಳಮ್ಮನ ಬಾಯಿಗೆ ಯೆಣೆಗೂರಿನಲ್ಲಿ ಹೆದರದವರಿರಲಿಲ್ಲ. ಒಲೆಯ ಹತ್ತಿರ ನಾಯಿ ಮಲಗಿದ್ದರೆ ಸಾಕು, ಬೆಕ್ಕು ಒಲೆಯೊಳಗೇ ಮಲಗಿದ್ದರಂತೂ ಕೇಳುವುದೇ ಬೇಡ, ಬೈಗುಳ ಶುರು. ಬೈಗುಳ ನಾಯಿಗಲ್ಲ, ಬೆಕ್ಕಿಗೂ ಅಲ್ಲ. ಎಲ್ಲ ನನಗೇ.

"ಏ ಹುಡುಗಿ, ಒಲಿ ತಟ್ಟಿದೇನು? ಬೆಕ್ಕು ಬೂದ್ಯಾಗ ಮಲಗಿರ್ತದ. ನಾ ಇಲ್ಲಿದ್ದೀನಿ ಅಂತ ಅದು ನಿನಗ ಖಬರ ಕೊಡ್ತದೇನು?"

ಹೀಗಾಗಿ ಮುಂಜಾನೆ ಉರಿ ಹಚ್ಚುವ ಮೊದಲು ಊದುಗೊಳವೆಯಿಂದ ಒಲೆಯ ಬಾಯಿ ತಟ್ಟುವುದು ನನ್ನ ಮೊದಲ ಕೆಲಸ. ಅಡುಗೆ ಮುಗಿದ ಮೇಲೆ ಕೆಂಡಕ್ಕೆ ಬೂದಿ ಮುಚ್ಚಿ, ಮೇಲೆ ಒಡೆದ ಹಂಚು ಕವುಚಬೇಕು. ಚಳಿಗೆ ಒಳಗೆ ತಂದ ಕುರಿಮರಿಗಳಿಗೆ ಒಲೆಯ ಹತ್ತಿರ ಹಾಸುವುದು ಕಂಬಳಿಯೇ ಹೊರತು ಹಳೆಬಟ್ಟೆಯ ಕೌದಿಯಲ್ಲ. ಕಿಡಿ ಬಿದ್ದರೆ ಉಣ್ಣೆ ನಾತ ಹೊಡೆದು ಮನೆಯವರನ್ನೆಲ್ಲ ಎಬ್ಬಿಸುತ್ತದೆ, ಕೌದಿ ಮಾತ್ರ ಸದ್ದಿಲ್ಲದೆ ಹತ್ತಿಕೊಂಡು ಉರಿಯುತ್ತದೆ. ಮರಿ ಕಟ್ಟುವ ಹಗ್ಗವನ್ನು ಎಷ್ಟು ಜಗ್ಗಿದರೂ ಅದರ ಮೂತಿ ಒಲೆಯಿಂದ ಒಂದು ಮೊಳ ದೂರ ಇರಬೇಕು. ಇದೆಲ್ಲ ಮಾಳಮ್ಮನ ಕಾಯಿದೆ. ನಿಜಾಮನ ಕಾಯಿದೆ ನಮ್ಮ ಅಡುಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಒಮ್ಮೆ ಕುರಿ ಲೆಕ್ಕಕ್ಕೆ ಬಂದ ಸರಕಾರದ ಗಿರ್ದಾವರ ಸಾಹೇಬರು ಬೀಡಿ ಸೇದಿ ತುಂಡನ್ನು ಬೂದಿಗೆ ಎಸೆದರು.

"ಸಾಹೇಬ್ರ, ಅಲ್ಲಿ ನಮ್ಮ ಬೆಕ್ಕು ಮಲಗ್ತದ್ರಿ. ಜರಾ ಎತ್ತಿಕೊಳ್ರಿ," ಎಂದಳು ಅತ್ತೆ. ಅವರು ಬಗ್ಗಿ ಎತ್ತಿಕೊಂಡರು! ನಾನು ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದೆ.

ಆ ವರ್ಷ ಮಳೆಗಾಲದ ಕೊನೆಗೆ ಊರಿಗೆ ಜ್ವರ ಬಂತು. ನಮ್ಮ ಮನೆಯಲ್ಲಿ ಇಬ್ಬರು ಮಲಗಿದರು, ನಮ್ಮ ಮಾವ ಅಮೃತಪ್ಪ ಮತ್ತು ನನ್ನ ಮೊಲೆಗೂಸು. ಅತ್ತೆ ಹಣೆಗೆ ಭಂಡಾರ ಹಚ್ಚಿಕೊಂಡು ಬೀರಪ್ಪನಿಗೆ ಹರಕೆ ಹೊತ್ತಳು: ಇಬ್ಬರನ್ನೂ ಉಳಿಸು, ಈ ಸಲ ಹಿಂಡಿನಲ್ಲಿ ಮೊದಲು ಹುಟ್ಟುವ ಟಗರುಮರಿ ನಿನಗೆ. ಮಾವ ಎದ್ದು ಕುಳಿತರು. ಕೂಸು ಹೋಯಿತು.

ಮೊದಲ ಟಗರುಮರಿ ಹುಟ್ಟಿದ್ದು ಕೊರೆಯುವ ಚಳಿಯಲ್ಲಿ. ತಾಯಿಕುರಿ ಈಯುತ್ತಲೇ ಸತ್ತಿತು. ನನ್ನ ಗಂಡ ಹಿಂಡು ಹೊಡೆದುಕೊಂಡು ನಿಲಂಗಾದ ಕಡೆ ಹೋಗುವವರು, ಹಸಿ ಮರಿಯನ್ನು ನನ್ನ ಮಡಿಲಿಗೆ ಹಾಕಿ ನಡೆದರು. ನಾನು ಬಟ್ಟೆಯ ಬತ್ತಿ ಹಾಲಿನಲ್ಲಿ ಅದ್ದಿ ಅದರ ಬಾಯಿಗಿಟ್ಟೆ. ಅದು ಚೀಪಿತು. ಅಷ್ಟೇ, ನನ್ನ ಕಥೆ ಮುಗಿಯಿತು.

ನಾನೂ ಕುರಿ ಕಾಯುವವರ ಮನೆಯ ಮಗಳು. ದೇವರ ಮರಿಯನ್ನು ಹಚ್ಚಿಕೊಳ್ಳಬಾರದು ಎಂದು ಗೊತ್ತಿತ್ತು. ಅದಕ್ಕೆ ಹೆಸರಿಡಲಿಲ್ಲ. ಹೆಸರಿಲ್ಲದಿದ್ದರೇನು, ನಾನು ಕೆಮ್ಮಿದರೂ ಓಡಿ ಬರುತ್ತಿತ್ತು. ಚಳಿಗಾಲವಿಡೀ ಅದನ್ನು ಒಲೆಯ ಮುಂದೆ ಬೆಳೆಸಿದೆ. ಅತ್ತೆ ಹೇಳಿದ ಒಂದೊಂದು ಮಾತನ್ನೂ ಪಾಲಿಸಿದೆ, ಒಂದು ಕೂದಲೂ ಸುಡಲಿಲ್ಲ. ಬೀರಪ್ಪನಿಗೆ ಊನವಿದ್ದ ಮರಿ ನಡೆಯುವುದಿಲ್ಲ. ಸುಟ್ಟ ಕಲೆ ಇದ್ದರಂತೂ ಗುಡಿಯ ಪೂಜಾರಿ ಕಣ್ಣೆತ್ತಿಯೂ ನೋಡುವುದಿಲ್ಲ. ಅಂದರೆ ನಾನು ಅದನ್ನು ಬೆಂಕಿಯಿಂದ ಕಾಪಾಡಿದಷ್ಟೂ ಅದರ ಸಾವು ಗಟ್ಟಿಯಾಗುತ್ತಿತ್ತು. ಇದು ಹೊಳೆದ ದಿನ ನನಗೆ ಅನ್ನ ಸೇರಲಿಲ್ಲ.

ಬಿಸಿಲು ಬಲಿಯುವ ಹೊತ್ತಿಗೆ ನನ್ನ ಗಂಡ ಹಿಂಡನ್ನು ಊರ ಹೊರಗಿನ ಹೊಲಕ್ಕೆ ತಿರುಗಿ ತಂದಿದ್ದರು. ಮಾವ ಒಂದು ಮುಂಜಾನೆ ಮರಿಯ ಗೊರಸು ಎತ್ತಿ, ಕಿವಿ ಮಗುಚಿ, ಹಲ್ಲು ನೋಡಿದರು.

"ಏನೂ ಊನ ಇಲ್ಲ. ನಾಳಿ ಗುಡಿಗಿ ಒಯ್ಯಮಿ."

ನಾನು ಧೈರ್ಯ ಮಾಡಿ, "ಮಾವಾ, ಬ್ಯಾರೆ ಮರಿ ಒಯ್ದ್ರ ನಡಿಯಂಗಿಲ್ಲೇನ್ರಿ?" ಎಂದೆ.

"ಮಾತು ತಪ್ಪಿದ್ರ ಜ್ವರ ತಿರುಗಿ ಬರ್ತದವ್ವಾ," ಎಂದರು. ಅವರು ಕೆಟ್ಟವರಲ್ಲ. ಹೆದರಿದ್ದರು, ಅಷ್ಟೇ.

ಅವರು ಹೊರಗೆ ಹೋದ ಮೇಲೆ ನಾನು ರೊಟ್ಟಿ ತಟ್ಟಲು ಕುಳಿತೆ. ಕೈ ಏಳಲಿಲ್ಲ, ತಟ್ಟಿದ್ದೆಲ್ಲ ಹರಿಯಿತು. ಅತ್ತೆ ಬಹಳ ಹೊತ್ತು ನನ್ನನ್ನೇ ನೋಡಿದಳು.

"ಏಳು. ನೀರು ತಾ ಹೋಗು."

"ಕೊಡ ತುಂಬ್ಯಾವಲ್ರಿ ಅತ್ತಿ."

"ತುಂಬಿದ್ರ ಚೆಲ್ಲು. ಹೋಗಂದ್ರ ಹೋಗು!"

ಕೊಡ ಹಿಡಿದು ಅಂಗಳ ದಾಟಿರಲಿಲ್ಲ, ಮರಿ ಕಿರುಚಿತು. ಉಣ್ಣೆ ಸುಟ್ಟ ನಾತ ಮೂಗಿಗೆ ಬಡಿಯಿತು. ನಾನು ಕೊಡ ಬಿಸಾಕಿ ಒಳಗೆ ಓಡಿದೆ. ಮರಿಯ ಕಿವಿಯ ತುದಿ ಕರಕಲಾಗಿತ್ತು.

"ಕಣ್ಣು ಎಲ್ಲಿಟ್ಟಿದ್ರಿ ಅತ್ತಿ? ವರ್ಷಗಟ್ಟಲೆ ನನ್ನ ಜೀವಾ ತಿಂದ್ರಿ, ಈಗ ನಿಮ್ಮ ಮುಂದೇ ಸುಟ್ಟದಲ್ರಿ!" ಎಂದು ಚೀರಿದೆ. ಜೀವನದಲ್ಲಿ ಮೊದಲ ಸಲ ಅತ್ತೆಯ ಮೇಲೆ ಚೀರಿದ್ದು. ಆಗ ನೋಡಿದೆ. ಹಗ್ಗ ನಾನು ಕಟ್ಟಿದಷ್ಟೇ ಉದ್ದವಿತ್ತು, ಮರಿ ಒಲೆ ಮುಟ್ಟುವಂತೆಯೇ ಇರಲಿಲ್ಲ. ಅತ್ತೆಯ ಕೈಯಲ್ಲಿ ಇಕ್ಕಳವಿತ್ತು, ಅದರ ಬಾಯಲ್ಲಿ ಇನ್ನೂ ಕೆಂಡವಿತ್ತು.

ಅಯ್ಯೋ ನನ್ನವ್ವಾ ಅನ್ನಿಸಿತು.

ಕಿರುಚಾಟ ಕೇಳಿ ಮಾವ ಒಳಗೆ ಬರುವಷ್ಟರಲ್ಲಿ ಅತ್ತೆ ಕೆಂಡವನ್ನು ಒಲೆಗೆ ಹಾಕಿ ಮರಿಯ ಹಗ್ಗ ಬಿಚ್ಚಿಬಿಟ್ಟಿದ್ದಳು.

"ಒಲಿ ಮುಂದ ಮರಿ ಬಿಟ್ಟವರು ಯಾರು?" ಎಂದು ಮಾವ ಗುಡುಗಿದರು.

"ನಾನೇ. ವಯಸ್ಸಾತು ನನಗ, ಕಣ್ಣು ಮಂಜಾಗ್ಯಾವ. ಏನ್ ಮಾಡ್ತೀರಿ, ಹೊಡೀತೀರೇನು?"

ಮಾವ ಆಕೆಯ ಮುಖ ನೋಡಿದರು, ನನ್ನ ಮುಖ ನೋಡಿದರು, ತಲೆಗೆ ರುಮಾಲು ಸುತ್ತಿಕೊಂಡು ಹಿಂಡು ಇದ್ದಲ್ಲಿಗೆ ಹೊರಟರು. ಮರುದಿನ ಬೇರೊಂದು ಮರಿ ಗುಡಿಗೆ ಹೋಯಿತು. ಅದಕ್ಕೆ ತಾಯಿ ಇತ್ತು, ಸಂಜೆಯವರೆಗೆ ಒದರಿತಂತೆ. ನನಗೆ ಅಳು ಬರಲಿಲ್ಲ, ಸುಳ್ಳೇಕೆ ಹೇಳಲಿ.

ಆದರೆ ಅದು ಮರುದಿನದ ಮಾತು. ಆ ಮುಂಜಾನೆ ಮಾವ ಹೊರಟ ಮೇಲೆ ಅತ್ತೆ ಮರಿಯನ್ನು ತೊಡೆಯ ಮೇಲೆ ಎಳೆದುಕೊಂಡು ಕುಳಿತಳು.

"ಬೆಣ್ಣಿ ತಾ, ಸುಮ್ಮ ನಿಂತೀಯಲ್ಲ!"

ತಂದುಕೊಟ್ಟೆ. ಆಕೆ ಸುಟ್ಟ ಕಿವಿಗೆ ಮೆಲ್ಲಗೆ ಸವರಿದಳು.

"ಅತ್ತಿ, ಬೀರಪ್ಪ ಸಿಟ್ಟಾದ್ರ?" ಎಂದೆ.

"ಆದ್ರ ಆಗ್ಲಿ, ಹರಕಿ ಹೊತ್ತಾಕಿ ನಾ, ನನ್ನ ಕೇಳ್ಲಿ. ನಾ ಇಬ್ಬರನ್ನ ಬೇಡಿದ್ದೆ, ಅಂವಾ ಒಬ್ಬರನ್ನೇ ಕೊಟ್ಟಾನ. ಇದೊಂದು ನಮಗಿರ್ಲಿ."

ಅಷ್ಟು ಹೇಳಿ ಆಕೆ ಮರಿಯ ಬೆನ್ನಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಕೂಸನ್ನು ಮಣ್ಣಿಗೆ ಕೊಟ್ಟ ದಿನವೂ ಆಕೆ ನನ್ನೆದುರು ಅತ್ತಿರಲಿಲ್ಲ.