ಒಂದೇ ಬಗೆಯ ಆರು ತಪ್ಪುಗಳು

‘ಆದ್ದರಿಂದ’ ಎಂಬ ಪದ ಕಿವಿಗೆ ಬಿದ್ದರೆ ತರ್ಕದ ಮೇಷ್ಟರು ನಡೆಯುತ್ತಿದ್ದವರು ನಿಂತುಬಿಡುತ್ತಿದ್ದರು. ರಸ್ತೆಯಲ್ಲಿ ಯಾರೋ ಯಾರಿಗೋ “ಫೋನ್ ಎತ್ತಲಿಲ್ಲ, ಅದಕ್ಕೇ ಅವನಿಗೆ ಕೋಪ” ಎಂದರೂ ಸಾಕು, ಇವರ ನೀಳವಾದ ಎಡಗಾಲು ಅರೆಗಳಿಗೆ ಗಾಳಿಯಲ್ಲೇ ತಡೆದು, ಮೊದಲ ಮಾತಿನಿಂದ ಎರಡನೆಯದು ನಿಜವಾಗಿ ಹೊರಡುತ್ತದೆಯೇ ಎಂದು ಯೋಚಿಸಿದ ಮೇಲೆಯೇ ನೆಲ ಮುಟ್ಟುತ್ತಿತ್ತು.

ನ್ಯಾಯಾಲಯದ ನಕಲು ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ತೀರ್ಪುಗಳ ಪ್ರತಿಗಳನ್ನು ಮೂಲದೊಂದಿಗೆ ತಾಳೆ ನೋಡಿ ನಿವೃತ್ತರಾದವರು ಅವರು. ಅಕ್ಷರ ತಪ್ಪಿದ್ದರೆ ತಿದ್ದುವ ಅಧಿಕಾರವಿತ್ತೇ ಹೊರತು ವಾದ ತಪ್ಪಿದ್ದರೆ ತುಟಿ ಬಿಚ್ಚುವ ಅಧಿಕಾರವಿರಲಿಲ್ಲ. ಅಷ್ಟು ಕಾಲ ನುಂಗಿಕೊಂಡದ್ದನ್ನೆಲ್ಲ, ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ, ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ಓದುವ ಹನ್ನೊಂದು ಮಕ್ಕಳ ಮುಂದೆ ಬಿಚ್ಚಿಡುತ್ತಿದ್ದರು. ಸೀಮೆಸುಣ್ಣ ತುಂಬಿಕೊಂಡು ಅವರ ಕಂದು ಕೋಟಿನ ಬಲಜೇಬು ಬಿಳಿಚಿಕೊಂಡಿತ್ತು. “ಆ ಜೇಬು ಹಿಂಡಿದ್ರೆ ಹಾಲು ಬರುತ್ತೆ” ಎಂದು ಹೆಂಡತಿ ಅದನ್ನು ಒಗೆಯುವುದನ್ನೇ ಬಿಟ್ಟಿದ್ದರು. “ನಿಮ್ಮ ಜೊತೆ ಮಾತಾಡೋದೂ ಒಂದೇ, ಕಟಕಟೆ ಹತ್ತೋದೂ ಒಂದೇ” ಎಂಬುದು ಅವರ ಇನ್ನೊಂದು ದೂರು.

ಪರೀಕ್ಷೆಗೆ ಮೂರು ವಾರವಿದ್ದಾಗ ಮೇಷ್ಟರು ಒಂದು ಮಾದರಿ ಪರೀಕ್ಷೆ ನಡೆಸಿದರು. ಔಷಧಿ ಅಂಗಡಿಯವರ ಮಗನೂ ಅವನ ಹಿಂದೆ ಕೂತಿದ್ದ ಟೈಲರಮ್ಮನ ಮಗಳೂ ಆರು ಪ್ರಶ್ನೆಗಳಿಗೆ ಒಂದೇ ಬಗೆಯ ತಪ್ಪು ಉತ್ತರ ಬರೆದಿದ್ದರು. ಮೇಷ್ಟರು ಎಲ್ಲರೆದುರು ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿದರು.

“ಅವನು ಹಿಂದೆ ತಿರುಗಿದ್ದನ್ನ ನಾನು ನೋಡಿಲ್ಲ. ಆದ್ದರಿಂದ ನೋಡಿ ಬರೆದಿದ್ದು ನೀನೇ.”

ಆ ಪದ ಅವರ ಬಾಯಿಂದಲೇ ಬಂದಿತ್ತು. ಅಂದು ಅವರು ಎಲ್ಲಿಯೂ ತಡೆಯಲಿಲ್ಲ.

“ನಾನು ನೋಡಿ ಬರೀಲಿಲ್ಲ ಸರ್.”

“ಹಾಗಾದ್ರೆ ಆರೂ ತಪ್ಪು ಒಂದೇ ಥರ ಹೇಗಾಯ್ತು?”

ಹುಡುಗಿ ಪೆನ್ನಿಗೆ ಮುಚ್ಚಳ ಹಾಕಿ ಕೂತಳು. ಮರುದಿನದಿಂದ ಪಾಠಕ್ಕೆ ಬರಲಿಲ್ಲ.

ನಾಲ್ಕನೆಯ ದಿನ, ತಿದ್ದಲು ಮೊದಲೇ ತರಿಸಿಕೊಂಡಿದ್ದ ನೋಟ್‌ಬುಕ್ಕುಗಳಲ್ಲಿ ಅವಳದ್ದು ಕೈಗೆ ಬಂತು. ಒಂದು ಪುಟದ ಮೇಲಿದ್ದ ತಾರೀಖು ಬಸ್ ಮುಷ್ಕರದ ದಿನದ್ದು. ಅಂದು ಬೆಳಿಗ್ಗೆ ಮೇಷ್ಟರು ಹಲ್ಲು ಕೀಳಿಸಿಕೊಂಡು, ಊದಿದ ಕೆನ್ನೆ ಹಿಡಿದುಕೊಂಡೇ ಪಾಠ ಮಾಡಿದ್ದರು. ನಡೆದು ಬಂದಿದ್ದವರು ಅವಳೂ ಆ ಹುಡುಗನೂ, ಇಬ್ಬರೇ. ‘ಟಿಕೆಟ್ ಇದ್ದವರಿಗೆ ಮಾತ್ರ ಪ್ರವೇಶ. ಅವನ ಬಳಿ ಟಿಕೆಟ್ ಇದೆ. ಆದ್ದರಿಂದ ಅವನಿಗೆ ಪ್ರವೇಶ ಉಂಟು.’ ಕೆಳಗೆ, ‘ಸರಿಯಾದ ತರ್ಕ’ ಎಂದು ಅವರೇ ಬರೆಸಿದ ಷರಾ. ಅದು ಸರಿಯಲ್ಲ. ಟಿಕೆಟ್ ಇದ್ದೂ ತಡವಾಗಿ ಬಂದವನನ್ನು ಬಾಗಿಲಲ್ಲೇ ತಡೆಯಬಹುದು. ಮರುವಾರ ಉಳಿದವರಿಗೆ ಅದೇ ಪಾಠವನ್ನು ಸರಿಯಾಗಿ ಹೇಳುವಾಗ, ಕೇಳಿದ್ದನ್ನೇ ಮತ್ತೆ ಕೇಳುವುದೇಕೆಂದು ಈ ಇಬ್ಬರನ್ನು ಬೇಗ ಮನೆಗೆ ಕಳಿಸಿದ್ದರು. ಆರು ಪ್ರಶ್ನೆಗಳೂ ಆ ಜಾತಿಯವೇ.

ಕೋಟು ಹಾಕಿಕೊಂಡು ಟೈಲರಮ್ಮನ ಮನೆಗೆ ಹೊರಟರು. ಎರಡು ಕೋಣೆಯ ಮನೆ. ಬಾಗಿಲಿಗೆ ಎದುರಾಗಿಯೇ ಹೊಲಿಗೆ ಯಂತ್ರ.

“ಜ್ವರ ಅಂತ ಮಲಗಿದಾಳೆ” ಎಂದರು ತಾಯಿ, ಸೂಜಿಯಿಂದ ಕಣ್ಣು ತೆಗೆಯದೆ. “ಜ್ವರ ಇಲ್ಲ. ನಾನು ಮುಟ್ಟಿ ನೋಡಿದೀನಿ.”

ಹುಡುಗಿ ಎದ್ದು ಬಂದಳು. ಮೇಷ್ಟರು ಕೂರಲಿಲ್ಲ.

“ತಪ್ಪು ನಂದಮ್ಮ. ನಾನು ತಪ್ಪು ಹೇಳಿಕೊಟ್ಟೆ, ನೀನು ಸರಿಯಾಗಿ ಬರ್ಕೊಂಡೆ.”

“ನೀವು ಬೈದಾಗ್ಲೇ ನೆನಪಾಯ್ತು ಸರ್, ಇದು ನೀವೇ ಹೇಳಿದ್ದು ಅಂತ.”

“ಮತ್ತೆ ಬಾಯಿ ಬಿಡ್ಲಿಲ್ಲ ಯಾಕೆ?”

“ನೆಪ ಹೇಳ್ತಾಳೆ ಅಂತಿದ್ರಿ.”

ಯಂತ್ರ ನಿಂತಿತು. “ಬೈದಿದ್ದು ಎಲ್ಲರೆದುರಿಗಂತೆ” ಎಂದರು ತಾಯಿ. “ಇದನ್ನೂ ಅಲ್ಲೇ ಹೇಳಿ.”

“ಹೇಳ್ತೀನಿ.”

ಮರುದಿನ ಹುಡುಗಿಯೂ ಬಂದಿದ್ದಳು. ಮೇಷ್ಟರು ತಮ್ಮ ಆರೋಪವನ್ನು ಮೂರು ವಾಕ್ಯವಾಗಿ ಹಲಗೆಯ ಮೇಲೆ ಬರೆದು, ದೋಷ ಹುಡುಕಿ ಎಂದರು. ಔಷಧಿ ಅಂಗಡಿಯವರ ಮಗ, ಕಿವಿ ಕೆಂಪಗೆ ಮಾಡಿಕೊಂಡು ಎದ್ದ.

“ಇಬ್ಬರಿಗೂ ಹಾಗೆ ಕಲಿಸಿದವರು ಒಬ್ಬರೇ ಇರಬಹುದು ಅನ್ನೋದನ್ನ ಬಿಟ್ಟಿದೀರಿ ಸರ್.”

“ಸರಿ. ಆ ಒಬ್ಬ ನಾನು. ಇವಳು ನಕಲು ಮಾಡಿಲ್ಲ.”

ಹುಡುಗಿ ನಗಲಿಲ್ಲ, ಪೆನ್ನಿನ ಮುಚ್ಚಳ ತೆಗೆದು ಪಾಠಕ್ಕೆ ಕೂತಳು. ಪ್ರವೇಶ ಪರೀಕ್ಷೆಯ ಎರಡನೆಯ ಪಟ್ಟಿಯಲ್ಲಿ ಅವಳ ಹೆಸರು ಬಂತು, ಹುಡುಗನದು ಆ ವರ್ಷ ಬರಲಿಲ್ಲ. ಅವಳು ಬಂದು ಅಂಕ ಹೇಳಿ ಹೋದಳು. ಕೂತು ಮಾತಾಡುವಷ್ಟು ಸಲುಗೆ ಅವರ ನಡುವೆ ಮತ್ತೆಂದೂ ಬೆಳೆಯಲಿಲ್ಲ. ಮೇಷ್ಟರು ಅದನ್ನು ನಿರೀಕ್ಷಿಸಿಯೂ ಇರಲಿಲ್ಲ.

ಪರರ ಮಾತಿನ ಬಿರುಕು ಹುಡುಕುವುದನ್ನೇ ಕಸುಬು ಮಾಡಿಕೊಂಡವರ ಜೊತೆ ಬಾಳುವುದು ಸುಲಭವಲ್ಲ. ಅವರ ಅಕ್ಕರೆಯೂ ತಿದ್ದುಪಡಿಯ ರೂಪದಲ್ಲೇ ಬರುತ್ತದೆ, ತಮಗೆ ತಾವೇ ಮೋಸ ಮಾಡಿಕೊಳ್ಳುವುದರಲ್ಲಿ ಅವರು ನಮ್ಮ ನಿಮ್ಮಂತೆಯೇ. ಆದರೆ ಒಮ್ಮೆ ತಮ್ಮ ತಪ್ಪು ಕಣ್ಣಿಗೆ ಬಿದ್ದರೆ ಅದನ್ನು ಕಾಣದವರಂತೆ ಇದ್ದುಬಿಡುವ ವಿದ್ಯೆ ಮಾತ್ರ ಅವರಿಗೆ ಬಾರದು. ನಾವು ಉಳಿದವರು ಆ ವಿದ್ಯೆಯನ್ನು ಎಳೆತನದಲ್ಲೇ ಕಲಿತಿರುತ್ತೇವೆ.